13 ವರ್ಷ ಮನೆ, ಮಕ್ಕಳು ನೋಡಿಕೊಂಡ ಮೇಲೆ ಅಕೌಂಟ್ಸ್ ಕೆಲಸಕ್ಕೆ: ಮೊದಲು ಏನು ಕಲಿಯಲಿ, ಎಲ್ಲಿ ಸೇರಲಿ?

ವ್ಯಾಟ್‌ಕಾಲದವಳು:

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಬಿ.ಕಾಂ ಮುಗಿದದ್ದು 2008ರಲ್ಲಿ. 2010ರಿಂದ 2013ರವರೆಗೆ ಕಬ್ಬಿಣ-ಸಿಮೆಂಟಿನ ಹೋಲ್‌ಸೇಲ್ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಇಆರ್‌ಪಿ 9ರಲ್ಲಿ ಸೇಲ್ಸ್ ಎಂಟ್ರಿ, ಸರಕು ಸಾಗಿಸಲು ಇ-ಸುಗಮ್ ತೆಗೆಯುವುದು, ಹೊರ ರಾಜ್ಯದ ಮಾರಾಟಕ್ಕೆ ಸಿ ಫಾರ್ಮ್ ಬೆನ್ನು ಹತ್ತುವುದು, ಇಷ್ಟೇ. ಪೂರ್ತಿ ಲೆಕ್ಕಪತ್ರ ನೋಡಿದವಳಲ್ಲ. ಆಮೇಲೆ ಮನೆ. ಈಗ ಮಕ್ಕಳಿಗೆ 12 ಮತ್ತು 8.

ಬಿಲ್ಲಿಂಗ್‌ಗೆ ವಾಪಸ್ ಹೋಗುವ ಮನಸ್ಸಿಲ್ಲ. ಅಕೌಂಟ್ಸ್, ಜಿಎಸ್‌ಟಿ ಕಡೆಗೆ ಹೋಗಬೇಕು. ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರವರೆಗೆ ಬಿಡುವು ಗ್ಯಾರಂಟಿ. ಅದರ ಮೇಲೆ ದಿನಕ್ಕೆ ಇನ್ನೊಂದು ಗಂಟೆ ಹೊಂದಿಸಬಹುದು.

ಕೇಳಬೇಕಾದ್ದು ಇಷ್ಟು. ಒಂದು, ಈ 13 ವರ್ಷದಲ್ಲಿ ಬದಲಾದದ್ದರಲ್ಲಿ ಮೊದಲು ಯಾವುದನ್ನು ಕಲಿಯಬೇಕು? ಎರಡು, ಇಲ್ಲೊಂದು ಕಡೆ ಆರು ತಿಂಗಳ ಕೋರ್ಸಿಗೆ 40,000 ಕೇಳುತ್ತಿದ್ದಾರೆ, 100% ಕೆಲಸ ಕೊಡಿಸುತ್ತೇವೆ ಅನ್ನುತ್ತಾರೆ, ಸೇರಬಹುದೇ? ಮೂರು, ಅರ್ಜಿಯಲ್ಲಿ ಈ 13 ವರ್ಷವನ್ನು ಹೇಗೆ ಬರೆಯುವುದು?

ಕಿರ್ದಿ_ಖತಾವಣಿ:

ಡೆಬಿಟ್ಟು, ಕ್ರೆಡಿಟ್ಟು ಬದಲಾಗಿಲ್ಲ, ಅದೊಂದು ನೆಮ್ಮದಿ. ಬದಲಾದದ್ದು ಇನ್‌ಪುಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಕಳೆಯುವುದು) ತೆಗೆದುಕೊಳ್ಳುವ ರೀತಿ. ವ್ಯಾಟ್ ಕಾಲದಲ್ಲಿ ಖರೀದಿ ಬಿಲ್ಲು ಫೈಲಿನಲ್ಲಿದ್ದರೆ ಇನ್‌ಪುಟ್ ನಮ್ಮದು ಎಂದು ಆಗಿನ ರಿಟರ್ನ್ ಫಾರ್ಮ್ ವ್ಯಾಟ್ 100ರಲ್ಲಿ ಹಾಕುತ್ತಿದ್ದರು. ಈಗ ಬಿಲ್ಲು ಕೈಲಿದ್ದರೆ ಸಾಲದು. ಮಾರಿದವನು ತನ್ನ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಆ ಬಿಲ್ಲು ತೋರಿಸಿರಬೇಕು, ಅದು ಬಂದು ನಮ್ಮ 2ಬಿಯಲ್ಲಿ, ಅಂದರೆ ಪೋರ್ಟಲ್ ತಾನೇ ಮಾಡಿಕೊಡುವ ಇನ್‌ಪುಟ್ ಪಟ್ಟಿಯಲ್ಲಿ, ಕೂತಿರಬೇಕು. ಅಕೌಂಟ್ಸ್ ಸೀಟಿನಲ್ಲಿ ಕೂರುವವರ ಅರ್ಧ ತಲೆನೋವು ಈ ಒಂದು ಜಾಗದಲ್ಲಿದೆ. ಕಲಿಯುವುದನ್ನೂ ಇಲ್ಲಿಂದಲೇ ಶುರು ಮಾಡಿ.

ದರಗಳನ್ನು ಬಾಯಿಪಾಠ ಮಾಡುತ್ತಾ ಕೂರಬೇಡಿ. ನಿಮ್ಮ ಕಾಲದ 5.5, 14.5 ಹೋಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ಹಂತಗಳನ್ನು ತೆಗೆದು ಮುಖ್ಯವಾಗಿ 5, 18, ಕೆಲವಕ್ಕೆ 40 ಎಂದು ಮಾಡಿದ್ದಾರೆ. ಸಿಮೆಂಟು 28 ಇದ್ದದ್ದು 18ಕ್ಕೆ ಇಳಿಯಿತು. ಹಳೇ ಯೂಟ್ಯೂಬ್ ಪಾಠಗಳಲ್ಲಿ ಇನ್ನೂ 28ರ ಲೆಕ್ಕವೇ ಇರುತ್ತದೆ, ವಿಡಿಯೊದ ತಾರೀಕು ನೋಡಿಕೊಂಡು ಕಲಿಯಿರಿ.

ತಿಂಗಳ ಚಕ್ರ ಹೀಗೆ. 7ನೇ ತಾರೀಕಿಗೆ ಹಿಂದಿನ ತಿಂಗಳ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದಿಟ್ಟ ಆದಾಯ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ಜಿಎಸ್‌ಟಿಆರ್-1. 14ಕ್ಕೆ 2ಬಿ ತಯಾರಾಗುತ್ತದೆ. 15ಕ್ಕೆ ಪಿಎಫ್, ಇಎಸ್‌ಐ (ನೌಕರರ ವಿಮೆ). 20ಕ್ಕೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕದ ರಿಟರ್ನ್, ಅದರ ಜೊತೆಗೇ ತೆರಿಗೆ. ಅಂದರೆ 14ರಿಂದ 20ರ ನಡುವಿನ ಆರು ದಿನದಲ್ಲಿ ಖರೀದಿಯನ್ನೆಲ್ಲ 2ಬಿ ಜೊತೆ ತಾಳೆ ಹಾಕಿ ಮುಗಿಸಬೇಕು. ವರ್ಷದ ವಹಿವಾಟು 5 ಕೋಟಿ ಒಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಪದ್ಧತಿ ಆಯ್ದುಕೊಳ್ಳಬಹುದು. ಅಲ್ಲಿ ಜಿಎಸ್‌ಟಿಆರ್-1ಕ್ಕೆ 13, ಕರ್ನಾಟಕದವರ 3ಬಿಗೆ 22. ಆದರೆ ಮೊದಲ ಎರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಚಲನ್‌ನಲ್ಲಿ ಕಟ್ಟಲೇಬೇಕು. ರಿಟರ್ನ್ ಮೂರು ತಿಂಗಳಿಗೊಮ್ಮೆ, ಹಾಗಾದರೆ ತೆರಿಗೆಯೂ ಆಗಲೇ ಎಂದುಕೊಂಡು ಬಿಟ್ಟವರು ಬಡ್ಡಿ ಕಟ್ಟುತ್ತಾರೆ. ವರ್ಷಕ್ಕೆ 18%.

ಇನ್ನು ತಾಳೆ ಹಾಕುವ ಕೆಲಸ. ಪೋರ್ಟಲ್‌ನಿಂದ 2ಬಿಯನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಳ್ಳಿ. ಟ್ಯಾಲಿಯಿಂದ ಅದೇ ತಿಂಗಳ ಖರೀದಿ ರಿಜಿಸ್ಟರ್ ತೆಗೆಯಿರಿ. ಎರಡರಲ್ಲೂ ಒಂದು ಹೊಸ ಕಾಲಂ ಮಾಡಿ, ಪಾರ್ಟಿಯ ಜಿಎಸ್‌ಟಿ ನಂಬರು ಮತ್ತು ಬಿಲ್ ನಂಬರು ಎರಡನ್ನೂ ಅಂಟಿಸಿ. ಆ ಕಾಲಂ ಮೇಲೆ ಎಕ್ಸೆಲ್‌ನ ಹುಡುಕುವ ಸೂತ್ರ ವಿಲುಕಪ್ ಅಥವಾ ಎಕ್ಸ್‌ಲುಕಪ್ ಓಡಿಸಿ. ಮೊದಲ ಸಲ ಅರ್ಧಕ್ಕರ್ಧ ಕೂಡುವುದಿಲ್ಲ, ಗಾಬರಿಯಾಗಬೇಡಿ. ಕಾರಣ ಬಹುಪಾಲು ಬಿಲ್ ನಂಬರು. 2ಬಿಯಲ್ಲಿ ‘ಎಸ್‌ಟಿ/0187/25-26’ ಎಂದು ಇರುತ್ತದೆ, ಎಂಟ್ರಿ ಹಾಕಿದವರು ಬರೀ ‘187’ ಎಂದು ಹೊಡೆದಿರುತ್ತಾರೆ. ಹಾಗಾಗಿ ಟ್ಯಾಲಿಯ ಎಫ್9ರಲ್ಲಿ ಖರೀದಿ ಹಾಕುವಾಗ ‘ಸಪ್ಲೈಯರ್ ಇನ್‌ವಾಯ್ಸ್ ನಂಬರ್’ ಜಾಗದಲ್ಲಿ ಬಿಲ್ಲಿನ ಮೇಲೆ ಇದ್ದಂತೆಯೇ, ಗೆರೆ, ಸೊನ್ನೆ ಸಮೇತ ಹಾಕುವ ಅಭ್ಯಾಸ ಮಾಡಿಕೊಳ್ಳಿ. ತಾರೀಕೂ ಪಾರ್ಟಿಯ ಬಿಲ್ಲಿನದೇ ಇರಲಿ, ಸರಕು ಬಂದ ದಿನದ್ದಲ್ಲ.

ಕೂಡದೆ ಉಳಿದದ್ದನ್ನು ಬೇರೆ ಬೇರೆ ಗುಡ್ಡೆ ಮಾಡಿ. ನಮ್ಮಲ್ಲಿ ಇದೆ, 2ಬಿಯಲ್ಲಿ ಇಲ್ಲ ಅಂದರೆ ಪಾರ್ಟಿ ಇನ್ನೂ ರಿಟರ್ನ್ ಹಾಕಿಲ್ಲ, ಇಲ್ಲವೇ ನಮ್ಮ ಜಿಎಸ್‌ಟಿ ನಂಬರು ತಪ್ಪಿ ಹಾಕಿದ್ದಾನೆ, ಇಲ್ಲವೇ ನಂಬರೇ ಹಾಕದೆ ಚಿಲ್ಲರೆ ಮಾರಾಟದಲ್ಲಿ ಸೇರಿಸಿದ್ದಾನೆ. ಫೋನ್ ಮಾಡಬೇಕು, ಆ ತಿಂಗಳು ಇನ್‌ಪುಟ್ ತೆಗೆದುಕೊಳ್ಳಬಾರದು. 2ಬಿಯಲ್ಲಿ ಇದೆ, ನಮ್ಮಲ್ಲಿ ಇಲ್ಲ ಅಂದರೆ ಬಿಲ್ಲು ಎಲ್ಲೋ ಗೋಡೌನಿನ ಡ್ರಾಯರಿನಲ್ಲಿದೆ, ಇಲ್ಲವೇ ಅದು ನಮ್ಮದಲ್ಲದ ಖರೀದಿ. ಮೊತ್ತದಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ ರೌಂಡ್‌ಆಫ್‌ನದು, ಬಿಟ್ಟುಬಿಡಿ. ಕೊನೆಯದು ಸ್ವಲ್ಪ ನಾಜೂಕು. ಮೊತ್ತ ಸರಿ, ತೆರಿಗೆಯ ಹೆಸರು ಬೇರೆ. 84,500ರ ಸರಕಿಗೆ 18% ಅಂದರೆ 15,210. ದಾವಣಗೆರೆಯ ಅಂಗಡಿಗೆ ಹುಬ್ಬಳ್ಳಿಯಿಂದ ಬಂದ ಸರಕಾದರೆ, ರಾಜ್ಯದೊಳಗಿನದಾದ್ದರಿಂದ, ಕೇಂದ್ರದ ಪಾಲು ಸಿಜಿಎಸ್‌ಟಿ 7,605, ರಾಜ್ಯದ ಪಾಲು ಎಸ್‌ಜಿಎಸ್‌ಟಿ 7,605 ಇರಬೇಕು. ಅವನು ಕಣ್ತಪ್ಪಿ ಪೂರ್ತಿ 15,210 ಅನ್ನು ಹೊರ ರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಎಂದು ತೋರಿಸಿದ್ದರೆ ಅದನ್ನು ನಾವಾಗಿ ಒಡೆದು ಹಾಕಿಕೊಳ್ಳುವಂತಿಲ್ಲ. ಅವನೇ ತಿದ್ದಬೇಕು. ಅವನಿನ್ನೂ 3ಬಿ ಹಾಕಿಲ್ಲದಿದ್ದರೆ ಅದೇ ತಿಂಗಳು ತಿದ್ದುಪಡಿ ಫಾರ್ಮ್ ಜಿಎಸ್‌ಟಿಆರ್-1ಎಯಲ್ಲಿ, ಹಾಕಿಯಾಗಿದ್ದರೆ ಮುಂದಿನ ಜಿಎಸ್‌ಟಿಆರ್-1ರ ತಿದ್ದುಪಡಿಯಲ್ಲಿ.

2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಐಎಂಎಸ್ ಎಂಬ ಪರದೆ ಬಂದಿದೆ. ಪ್ರತಿ ಬಿಲ್ಲನ್ನೂ ಒಪ್ಪುವುದು, ತಿರಸ್ಕರಿಸುವುದು, ಬಾಕಿ ಇಡುವುದು ಅಲ್ಲಿ. ಏನೂ ಮಾಡದಿದ್ದರೆ ಒಪ್ಪಿದಂತೆ. ಅದನ್ನೂ ಒಮ್ಮೆ ತೆರೆದು ನೋಡಿ.

ನಿಮ್ಮ ಇ-ಸುಗಮ್ ಜಾಗಕ್ಕೆ ಇ-ವೇ ಬಿಲ್ ಬಂದಿದೆ. 50,000ಕ್ಕೆ ಮೇಲಿನ ಸರಕಿಗೆ ಬೇಕು, 200 ಕಿ.ಮೀ.ಗೆ ಒಂದು ದಿನದ ಅವಧಿ. ತಪ್ಪಾದರೆ 24 ಗಂಟೆಯೊಳಗೆ ರದ್ದು ಮಾಡಬೇಕು. ದಾರಿಯಲ್ಲಿ ಲಾರಿ ಬದಲಾದರೆ ವಾಹನದ ವಿವರ ಇರುವ ಭಾಗ ಬಿಯಲ್ಲಿ ಹೊಸ ನಂಬರು ಹಾಕದೆ ಬಿಡುವುದು ದಂಡ ಬೀಳುವ ತಪ್ಪು. ಇ-ಸುಗಮ್ ತೆಗೆದ ಕೈಗೆ ಇದು ಒಂದು ದಿನದ ಪಾಠ.

ಸೆಪ್ಟೆಂಬರ್_ಮೂವತ್ತು:

ಕಿರ್ದಿಯವರು ವಿಷಯ ಹೇಳಿದರು, ನಾನು ಕೋರ್ಸು ಮತ್ತು ಇಂಟರ್‌ವ್ಯೂ ಬಗ್ಗೆ ಹೇಳುತ್ತೇನೆ.

ಮೇಡಂ, 40,000 ಕೊಡಬೇಡಿ. ಇಆರ್‌ಪಿ 9ರ ಜಾಗಕ್ಕೆ ಬಂದ ಟ್ಯಾಲಿಪ್ರೈಮ್ ಅನ್ನು ಎಜುಕೇಷನ್ ಮೋಡ್‌ನಲ್ಲಿ ಉಚಿತವಾಗಿ ಹಾಕಿಕೊಳ್ಳಬಹುದು. ಒಂದೇ ತೊಡಕು, ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಬೀಳುತ್ತದೆ. ಕಲಿಯುವುದಕ್ಕೆ ಅಷ್ಟು ಸಾಕು, ಎಲ್ಲ ಬಿಲ್ಲನ್ನೂ 1ನೇ ತಾರೀಕಿಗೇ ಹಾಕಿ. ಇಆರ್‌ಪಿ 9 ಬಲ್ಲವರಿಗೆ ಪ್ರೈಮ್ ಒಂದು ವಾರ. ಎಫ್4ರಿಂದ ಎಫ್9ರವರೆಗೆ ಹಾಗೇ ಇದೆ. ಕೈತಪ್ಪುವುದು ಡೆಬಿಟ್ ನೋಟು, ಕ್ರೆಡಿಟ್ ನೋಟಿನಲ್ಲಿ. ಮೊದಲು ಕಂಟ್ರೋಲ್ ಎಫ್9, ಕಂಟ್ರೋಲ್ ಎಫ್8 ಇದ್ದದ್ದು ಈಗ ಆಲ್ಟ್ ಎಫ್5, ಆಲ್ಟ್ ಎಫ್6. ಬೇಕಾದದ್ದು ಎಲ್ಲಿದೆ ಎಂದು ತಿಳಿಯದಿದ್ದರೆ ಆಲ್ಟ್ ಜಿ ಒತ್ತಿ ಹೆಸರು ಹೊಡೆಯಿರಿ. ಮೆನು ಹುಡುಕುತ್ತಾ ಕೂರುವ ಕಾಲ ಹೋಯಿತು.

ಕೋರ್ಸಿಗೆ ಸೇರಲೇಬೇಕು ಎಂದಿದ್ದರೆ ಮೂರು ಪ್ರಶ್ನೆ ಕೇಳಿ. ನಿಜವಾದ ಪೋರ್ಟಲ್‌ನಲ್ಲಿ ರಿಟರ್ನ್ ತೋರಿಸುತ್ತೀರೋ, ಬರೀ ಸ್ಲೈಡೋ? ನಡುವೆ ಬಿಟ್ಟರೆ ದುಡ್ಡು ವಾಪಸ್ ಎಷ್ಟು, ಬರಹದಲ್ಲಿ ಕೊಡುತ್ತೀರಾ? ಕಂತಿನಲ್ಲಿ ಕಟ್ಟಿ ಎಂದರೆ ಆ ಕಂತು ಯಾರಿಗೆ? ಈ ಮೂರನೆಯದನ್ನು ಗಟ್ಟಿಯಾಗಿ ಕೇಳಿ. ಎಷ್ಟೋ ಕಡೆ ‘ಸುಲಭ ಕಂತು’ ಎಂದರೆ ನಿಮ್ಮ ಹೆಸರಿಗೆ ಫೈನಾನ್ಸ್ ಕಂಪನಿಯ ಸಾಲ. ಕೋರ್ಸು ಬಿಟ್ಟರೂ ಸಾಲ ಬಿಡುವುದಿಲ್ಲ, ಸಿಬಿಲ್ ಸ್ಕೋರು ನಿಮ್ಮದೇ ಹಾಳು. ‘100% ಕೆಲಸ’ ಅಂದರೆ ಸಾಮಾನ್ಯವಾಗಿ ಎರಡು ಮೂರು ಇಂಟರ್‌ವ್ಯೂಗೆ ಕಳಿಸುತ್ತೇವೆ ಎಂದಷ್ಟೇ ಅರ್ಥ.

ಆ ದುಡ್ಡಿನ ಬದಲು ಕೈಯಲ್ಲಿ ತೋರಿಸುವಂಥದ್ದು ಒಂದು ಮಾಡಿಕೊಳ್ಳಿ. ಕಾಲ್ಪನಿಕ ಹಾರ್ಡ್‌ವೇರ್ ಅಂಗಡಿಯೊಂದರ ಹೆಸರಲ್ಲಿ ಕಂಪನಿ ತೆರೆದು ಮೂರು ತಿಂಗಳ ವಹಿವಾಟು ಹಾಕಿ. ತಿಂಗಳಿಗೆ 40 ಮಾರಾಟ, 15 ಖರೀದಿ, ಬಾಡಿಗೆ, ಸಂಬಳ, ಒಂದು ಬ್ಯಾಂಕ್ ಸಾಲದ ಕಂತು, ಎರಡು ವಾಪಸ್ ಬಂದ ಸರಕು, ಒಂದು ಬೌನ್ಸ್ ಆದ ಚೆಕ್ಕು. ಕೊನೆಗೆ ಬ್ಯಾಂಕ್ ತಾಳೆಪಟ್ಟಿ, ಬಾಕಿದಾರರ ಪಟ್ಟಿ, ಜಿಎಸ್‌ಟಿಆರ್-1ರ ಸಾರಾಂಶ ಈ ಮೂರನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ದಿನಕ್ಕೆ ಎರಡು ಗಂಟೆ ಕೂತರೆ ಎರಡು ತಿಂಗಳ ಕೆಲಸ. ಸಾಲದ ಕಂತನ್ನು ಅಸಲು, ಬಡ್ಡಿ ಒಡೆದು ಹಾಕಿದ್ದೀರಾ ಎಂದು ನೋಡುವವರು ಮೊದಲು ನೋಡುತ್ತಾರೆ. ಪೂರ್ತಿ ಕಂತನ್ನು ಸಾಲದ ಖಾತೆಗೆ ತಳ್ಳುವುದು ಹೊಸಬರ ಮಾಮೂಲಿ ತಪ್ಪು.

ಅರ್ಜಿಯಲ್ಲಿ 13 ವರ್ಷವನ್ನು ಮುಚ್ಚಿಡಬೇಡಿ, ವಿವರಿಸಲೂ ಹೋಗಬೇಡಿ. ‘2013ರಿಂದ 2026: ಮಕ್ಕಳ ಪಾಲನೆ, ಮನೆ ಜವಾಬ್ದಾರಿ’ ಎಂದು ಒಂದು ಸಾಲು. ಅದರ ಮೇಲೆ, ಹಾಳೆಯ ತಲೆಯಲ್ಲೇ, ಈಗ ಏನು ಬರುತ್ತದೆ ಎಂದು ನಾಲ್ಕು ಸಾಲು. ಹೆಸರಿಗೆ ‘ಮನೆಯಿಂದಲೇ ಅಕೌಂಟ್ಸ್ ಮಾಡುತ್ತಿದ್ದೆ’ ಎಂದು ಸೇರಿಸಿದರೆ ಯಾವ ಪಾರ್ಟಿ, ಯಾವ ರಿಟರ್ನ್ ಎಂದು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಸಮಯ ಮುಖ್ಯ. ಆಡಿಟರ್ ಆಫೀಸುಗಳಲ್ಲಿ ಜೂನ್‌ನಿಂದ ಕೆಲಸ ಏರುತ್ತದೆ, ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿಯ ಗಡುವು, ಡಿಸೆಂಬರ್ 31ಕ್ಕೆ ಜಿಎಸ್‌ಟಿ ವಾರ್ಷಿಕ ರಿಟರ್ನು. ಹೊಸಬರಿಗೆ ಹೇಳಿಕೊಡುವ ಪುರಸೊತ್ತು ಇರುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಸೆಪ್ಟೆಂಬರ್‌ನಲ್ಲಿ ಹೋಗಿ ನಿಂತರೆ ಮಾತಾಡಿಸುವುದೂ ಇಲ್ಲ. ಇಂಟರ್‌ವ್ಯೂನಲ್ಲಿ ಪ್ರಶ್ನೆಗಿಂತ ಕೈಗೆ ಇಪ್ಪತ್ತು ಬಿಲ್ಲು ಕೊಟ್ಟು ಎಂಟ್ರಿ ಹಾಕಿ ಎನ್ನುವುದೇ ಜಾಸ್ತಿ. ಆ ಕಟ್ಟಿನಲ್ಲಿ ಬೇಕೆಂದೇ ಎರಡು ಗುಟ್ಟು ಇಟ್ಟಿರುತ್ತಾರೆ. ಒಂದು ಹೊರ ರಾಜ್ಯದ ಬಿಲ್ಲು, ಇನ್ನೊಂದು ಇನ್‌ಪುಟ್ ಬಾರದ ಖರ್ಚು, ಅಂದರೆ ಮಾಲೀಕರ ಕಾರಿನದ್ದೋ ಹೋಟೆಲ್ ಊಟದ್ದೋ. ಜಿಎಸ್‌ಟಿ ನಂಬರಿನ ಮೊದಲೆರಡು ಅಂಕಿ 29 ಇದ್ದರೆ ಕರ್ನಾಟಕ. ಆರನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ ಸಂಸ್ಥೆ, ಸಿ ಇದ್ದರೆ ಕಂಪನಿ. ಕಾಂಟ್ರಾಕ್ಟ್ ಬಿಲ್ಲಿಗೆ ಟಿಡಿಎಸ್ 1% ಹಿಡಿಯಬೇಕೋ 2% ಹಿಡಿಯಬೇಕೋ ಅನ್ನುವುದು ಆ ಒಂದು ಅಕ್ಷರದಲ್ಲಿ ಗೊತ್ತಾಗುತ್ತದೆ.

ಟಿಡಿಎಸ್ ವಿಷಯ ಬಂದದ್ದಕ್ಕೆ: 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಯಲ್ಲಿದೆ. 194ಸಿ (ಕಾಂಟ್ರಾಕ್ಟ್), 194ಜೆ (ವೃತ್ತಿಪರರ ಫೀಸು) ಎಂದು ಎಲ್ಲರ ಬಾಯಲ್ಲಿದ್ದ ಟಿಡಿಎಸ್ ಸೆಕ್ಷನ್‌ಗಳೆಲ್ಲ ಈಗ 393ರ ಕೋಷ್ಟಕದೊಳಗೆ ಹೋಗಿವೆ. ಹಳಬರೂ ಹೊಸದಾಗಿ ಕಲಿಯುತ್ತಿದ್ದಾರೆ. ನಿಮಗೆ ಇದೇ ಒಳ್ಳೆ ಹೊತ್ತು.

ಇನಿಷಿಯಲ್_ಪ್ರಾಬ್ಲಂ:

ಇವರಿಬ್ಬರೂ ಕೆಲಸದ ಬಗ್ಗೆ ಹೇಳಿದರು. ಆದರೆ ಕೆಲಸ ಸಿಕ್ಕಿಯೂ ಮೊದಲ ಸಂಬಳ ತಡವಾಗುವುದು ಕಾಗದಪತ್ರದಿಂದ. ಈಗಲೇ ಮೇಜಿನ ಮೇಲೆ ಎಲ್ಲ ಹರಡಿಕೊಂಡು ಹೆಸರು ನೋಡಿ. ಮಾರ್ಕ್ಸ್ ಕಾರ್ಡಿನಲ್ಲಿ ‘ಕವಿತಾ ಎಸ್’ ಇರುತ್ತದೆ. ಪ್ಯಾನ್ ಅರ್ಜಿ ಬರೀ ಇನಿಷಿಯಲ್ ಒಪ್ಪದ ಕಾರಣ ಅಲ್ಲಿ ‘ಕವಿತಾ ಸಿದ್ದಪ್ಪ’ ಆಗಿರುತ್ತದೆ. ಮದುವೆಯಾದ ಮೇಲೆ ಆಧಾರ್ ಮಾಡಿಸಿದವರು ‘ಕವಿತಾ ಮಂಜುನಾಥ’ ಎಂದು ಗಂಡನ ಹೆಸರು ಸೇರಿಸಿರುತ್ತಾರೆ. ಮೂರೂ ಒಬ್ಬರೇ ಎಂದು ಮನುಷ್ಯರಿಗೆ ಗೊತ್ತಾಗುತ್ತದೆ, ಪಿಎಫ್ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ.

ಒಂದೇ ಹೆಸರು ನಿಶ್ಚಯಿಸಿ ಉಳಿದದ್ದನ್ನು ಅದಕ್ಕೆ ತನ್ನಿ. ಮಾರ್ಕ್ಸ್ ಕಾರ್ಡ್ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ, ಆದ್ದರಿಂದ ಅದಕ್ಕೆ ಹತ್ತಿರದ ಹೆಸರನ್ನೇ, ಇನಿಷಿಯಲ್ ಬಿಡಿಸಿ ಬರೆದು, ಆಧಾರ್‌ಗೆ ತರುವುದು ಜಾಣತನ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಅವಸರದಲ್ಲಿ ಒಂದನ್ನು ಹಾಳು ಮಾಡಿಕೊಳ್ಳಬೇಡಿ. ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಈ ಸಾಲು ತಪ್ಪಬಾರದು.

ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ನೋಡಿ. 13 ವರ್ಷ ಬಳಸದೆ ಇಟ್ಟ ಪ್ಯಾನ್ ಆಗಿದ್ದರೆ 2023ರ ಜುಲೈನಿಂದ ಅದು ನಿಷ್ಕ್ರಿಯವಾಗಿರುವ ಸಾಧ್ಯತೆ ಹೆಚ್ಚು. ಜೋಡಣೆಗೆ 1,000 ಶುಲ್ಕ ಕಟ್ಟಬೇಕು. ಕಟ್ಟದೆ ಬಿಟ್ಟರೆ ತೆರಿಗೆ ಹಿಡಿಯುವಾಗ ದೊಡ್ಡ ದರ ಬೀಳುತ್ತದೆ.

ಘಟಿಕೋತ್ಸವ ಪ್ರಮಾಣಪತ್ರ ಇದೆಯೇ? ಎಷ್ಟೋ ಜನ ಆರು ಸೆಮಿಸ್ಟರಿನ ಅಂಕಪಟ್ಟಿ ಇಟ್ಟುಕೊಂಡು ಅದನ್ನೇ ಡಿಗ್ರಿ ಅಂದುಕೊಂಡಿರುತ್ತಾರೆ. ನೀವು 2008ರವರು. ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಹಾಗಾಗಿ ಆಗ ದಾವಣಗೆರೆಯಲ್ಲೇ ಓದಿದ್ದರೆ ಅರ್ಜಿ ಹಾಕಬೇಕಾದದ್ದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ. ದಾವಣಗೆರೆ ವಿಶ್ವವಿದ್ಯಾಲಯ ಇರುವ ತೋಳಹುಣಸೆಗೆ ಹೋಗಿ ಒಂದು ದಿನ ಕಳೆದು ಬರಬೇಡಿ.

ಇನ್ನೊಂದು, ಹಳೇ ಅಂಗಡಿಯಲ್ಲಿ ಪಿಎಫ್ ಹಿಡಿಯುತ್ತಿದ್ದರೇ? ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ಬಂದದ್ದು 2014ರಲ್ಲಿ, ನೀವು ಅದಕ್ಕೂ ಮುಂಚೆ ಬಿಟ್ಟಿದ್ದೀರಿ. ಹಳೇ ಸಂಬಳ ಚೀಟಿಯಲ್ಲಿ ಪಿಎಫ್ ನಂಬರು ಹುಡುಕಿ ಇಟ್ಟುಕೊಳ್ಳಿ. ಹೊಸ ಕೆಲಸದಲ್ಲಿ ‘ಮೊದಲು ಪಿಎಫ್ ಇರಲಿಲ್ಲ’ ಎಂದು ಬರೆದುಕೊಟ್ಟರೆ ಹಳೇ ದುಡ್ಡು ಅಲ್ಲೇ ಕೊಳೆಯುತ್ತದೆ, ಆ ಮೂರು ವರ್ಷವೂ ಪಿಂಚಣಿ ಲೆಕ್ಕಕ್ಕೆ ಸೇರುವುದಿಲ್ಲ. ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು, 3 ಈಗಾಗಲೇ ಇದ್ದರೆ 7 ಸಾಕಲ್ಲ. ಹಣ ಆಗಲೇ ಹಿಂಪಡೆದಿದ್ದರೆ ಈ ಮಾತು ಬಿಡಿ.

ವ್ಯಾಟ್‌ಕಾಲದವಳು:

ತುಂಬಾ ಥ್ಯಾಂಕ್ಸ್. ಮೂರು ಕಡೆ ಮೂರು ಹೆಸರು ಇದೆ, ನೋಡಿದೆ! ಆಡಿಟರ್ ಆಫೀಸ್ ಅಂದರೆ ರಾತ್ರಿ ಎಂಟಾಗುತ್ತದೆ ಅನ್ನುತ್ತಾರಲ್ಲ, ಮಕ್ಕಳಿಗೆ ಅದು ಆಗದು. ವ್ಯಾಪಾರದ ಆಫೀಸೇ ವಾಸಿಯೇ? ಮನೆಯಿಂದಲೇ ಎರಡು ಮೂರು ಅಂಗಡಿಯ ಲೆಕ್ಕ ಹಿಡಿಯಬಹುದೇ? ಗೃಹಲಕ್ಷ್ಮಿ ಬರುತ್ತಿದೆ, ಅದಕ್ಕೇನಾದರೂ ತೊಂದರೆಯೇ?

ಮಂಡಿಪೇಟೆ_ಮುನೀಮ:

ನೋಡ್ರಿ ಅಕ್ಕಾರ, ಆಡಿಟರ್ ಆಫೀಸೇ ಸರಿ ಅನ್ನೋದು ಎಲ್ಲರಿಗೂ ಹೊಂದಲ್ಲ. ಅಲ್ಲಿ ವರ್ಷದಾಗ ನಲವತ್ತು ಥರದ ವ್ಯಾಪಾರ ನೋಡ್ತೀರಿ, ಕಲಿಕೆ ಜೋರು, ಅದು ಖರೆ. ಆದರ ಜೂನ್‌ನಿಂದ ಅಕ್ಟೋಬರ್‌ತನಕ ಸಂಜೆ ಆರಕ್ಕೆ ಎದ್ದು ಬರೋಕಾಗಲ್ಲ. ನಿಮ್ಮ ಟೈಮಿಗೆ ವ್ಯಾಪಾರದ ಆಫೀಸು ಹೊಂದತೈತಿ. ಅಲ್ಲಿ ಕೆಲಸದ ಒತ್ತಡ ತಿಂಗಳಿನ ಲೆಕ್ಕದಾಗ ಇರತೈತಿ, ವರ್ಷದ ಲೆಕ್ಕದಾಗ ಅಲ್ಲ. ಹಂಗಾಗಿ ಮಾತಾಡೋವಾಗ ‘ನನಗ ಬೇಗ ಬಿಡ್ರಿ’ ಅನ್ನಬ್ಯಾಡ್ರಿ. ‘9ರಿಂದ 20ನೇ ತಾರೀಕಿನವರೆಗೆ ಐದೂವರೆತನಕ ಇರ್ತೀನಿ, ಉಳಿದ ದಿನ ಮೂರೂಕಾಲಿಗೆ ಹೊರಡ್ತೀನಿ’ ಅನ್ರಿ. ಆ ಹನ್ನೆರಡು ದಿನ ಮಕ್ಕಳಿಗೆ ವ್ಯವಸ್ಥೆ ಮಾಡಿಕೊಂಡರ ಸಾಕು. ಮಾಲೀಕರಿಗೂ ಇಕೀಗೆ ಕೆಲಸ ಗೊತ್ತೈತಿ ಅನ್ನೋದು ಆ ತಾರೀಕು ಕೇಳಿದ ಕೂಡಲೇ ತಿಳೀತೈತಿ.

ಯಾವ ವ್ಯಾಪಾರ ಅನ್ನೋದು ನೋಡಿ ಸೇರ್ರಿ. ಕಬ್ಬಿಣ, ಸಿಮೆಂಟು ನಿಮಗ ಗೊತ್ತಿರೋ ಸರಕು, ಎಲ್ಲಾ ತೆರಿಗೆ ಬೀಳೋದೇ, ಲೆಕ್ಕ ನೇರ. ಅಕ್ಕಿ ಗಿರಣಿ ಲೆಕ್ಕ ಹಂಗಲ್ಲ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಲೇಬಲ್ ಹಚ್ಚಿದ ಚೀಲಕ್ಕೆ 5%, ಅದರ ಮ್ಯಾಲಿನ ಚೀಲಕ್ಕೆ ತೆರಿಗೆ ಇಲ್ಲ. 26 ಕೆ.ಜಿ. ಚೀಲ ಯಾಕ ಬಂತು ಅಂತ ಈಗ ಗೊತ್ತಾತಲ್ಲ! ಒಂದೇ ಗಿರಣಿಯಾಗ ತೆರಿಗೆ ಇರೋ ಅಕ್ಕಿ, ಇಲ್ಲದ ಅಕ್ಕಿ ಎರಡೂ ಹೊರಡ್ತಾವ. ಆಗ ಬಾಡಿಗೆ, ಬಿಡಿಭಾಗದಂಥ ಎರಡಕ್ಕೂ ಸೇರಿದ ಖರ್ಚಿನ ಇನ್‌ಪುಟ್ ಪೂರ್ತಿ ಬರಲ್ಲ, ಜಿಎಸ್‌ಟಿ ನಿಯಮ 42ರ ಪ್ರಕಾರ ಪಾಲು ಹಾಕಿ ಒಂದಿಷ್ಟು ಬಿಡಬೇಕು. ಇದನ್ನ ಮಾಡದೆ ಬಿಟ್ಟ ಲೆಕ್ಕಕ್ಕೆ ನೋಟಿಸು ಬರತೈತಿ. ಮೊದಲ ವರ್ಷ ಇಂಥಾ ಜಾಗ ಬ್ಯಾಡ್ರಿ.

ಸೇರಿದ ಮ್ಯಾಲ ನಿಮ್ಮ ತಲೆಯಾಗ ಇರಬೇಕಾದ ಗೆರೆಗಳು ಕೆಲವು ಅದಾವ. ಒಬ್ಬರಿಗೆ ಒಂದು ದಿನಕ್ಕೆ 10,000ಕ್ಕಿಂತ ಜಾಸ್ತಿ ನಗದು ಖರ್ಚು ಕೊಟ್ಟರ ಆ ಖರ್ಚು ತೆರಿಗೆ ಲೆಕ್ಕಕ್ಕೆ ಬರಲ್ಲ. ಲಾರಿ ಬಾಡಿಗೆಗೆ ಮಾತ್ರ 35,000. ನಗದು ಸಾಲ 20,000 ಮುಟ್ಟಬಾರದು. ಒಬ್ಬರಿಂದ ದಿನಕ್ಕೆ 2 ಲಕ್ಷ ನಗದು ತಗೋಬಾರದು. ಸಣ್ಣ ಉದ್ದಿಮೆಯವರಿಗೆ ಬರಹದಾಗ ಒಪ್ಪಂದ ಇದ್ದರ ಹೆಚ್ಚೆಂದರ 45 ದಿನ, ಇಲ್ಲದಿದ್ದರ 15 ದಿನದೊಳಗ ದುಡ್ಡು ಕೊಡಬೇಕು, ತಪ್ಪಿದರ ಆ ಖರ್ಚು ಕೊಟ್ಟ ವರ್ಷಕ್ಕೇ ಹೋಗತೈತಿ. ಖರೀದಿ ಬಿಲ್ಲಿಗೆ 180 ದಿನದಾಗ ದುಡ್ಡು ಕೊಡದಿದ್ದರ ತಗೊಂಡ ಇನ್‌ಪುಟ್ ವಾಪಸ್ ಮಾಡಬೇಕು. ಮಾಲೀಕರು ‘ನೋಡೋಣ ತಗಿ’ ಅಂತಾರ. ವಾರಕ್ಕೊಮ್ಮೆ ಬಾಕಿ ಪಟ್ಟಿ ಪ್ರಿಂಟ್ ಹಾಕಿ ಟೇಬಲ್ ಮ್ಯಾಲ ಇಟ್ಟುಬಿಡ್ರಿ.

ಸಂಬಳ ಕೇಳೋವಾಗ ‘ಒಟ್ಟು ಎಷ್ಟು’ ಅನ್ನಬ್ಯಾಡ್ರಿ, ‘ಕೈಗೆ ಎಷ್ಟು’ ಅನ್ರಿ. ಲೆಕ್ಕ ಹಾಕಿ ತೋರಿಸ್ತೀನಿ. ತಿಂಗಳಿಗೆ 20,000 ಸಂಬಳ, ಅದರಾಗ ಮೂಲ ವೇತನ 12,000 ಅನ್ಕೊಳ್ರಿ. ನಿಮ್ಮ ಪಿಎಫ್ 12% ಅಂದರ 1,440. ಇಎಸ್‌ಐ 20,000ಕ್ಕೆ 0.75% ಅಂದರ 150. ವೃತ್ತಿ ತೆರಿಗೆ 25,000ದ ಕೆಳಗ ಇಲ್ಲ. ಕೈಗೆ 18,410. ಇದನ್ನೇ ಮಾಲೀಕರ ಪಾಲಿನ ಪಿಎಫ್ 1,560, ಇಎಸ್‌ಐ 650 ಸೇರಿಸಿ ‘22,210 ಕೊಡ್ತೀವಿ’ ಅಂತ ಹೇಳೋರು ಅದಾರ. ಸುಳ್ಳಲ್ಲ, ಆದರ ಮನಿಗೆ ಬರೋದು 18,410. ಐದಾರು ಜನ ಇರೋ ಅಂಗಡಿಯಾಗ ಎರಡೂ ಇರಲ್ಲ; ಸಾಮಾನ್ಯವಾಗಿ ಇಎಸ್‌ಐಗೆ 10 ಜನ, ಪಿಎಫ್‌ಗೆ 20 ಜನ ಬೇಕು. ಅಂಥಲ್ಲಿ 19,000 ಕೈಗೆ ಕೊಟ್ಟರೂ ಇಪ್ಪತ್ತು ಜನರ ಜಾಗದ 18,410 ಮೇಲು, ಯಾಕಂದರ ಇಎಸ್‌ಐ ಕಾರ್ಡು ಮನಿಮಂದಿಗೂ ನಡೀತೈತಿ. ಬಸ್ಸಿನ ಖರ್ಚು ಶಕ್ತಿ ಯೋಜನೆಯಾಗ ಉಳೀತೈತಿ ಬಿಡ್ರಿ, ಆದರ ದಾವಣಗೆರೆಯಾಗ ಖಾಸಗಿ ಬಸ್ಸೂ ಓಡ್ತಾವ, ನಿಮ್ಮ ದಾರಿಗೆ ಸರ್ಕಾರಿ ಬಸ್ಸು ಐತೋ ನೋಡಿಕೊಳ್ರಿ.

ಒಟಿಪಿ_ಯಾರದ್ದು:

ಮನೆಯಿಂದ ಲೆಕ್ಕ ಹಿಡಿಯುವ ಪ್ರಶ್ನೆಗೆ ಉತ್ತರ: ಹಿಡಿಯಬಹುದು, ಆದರೆ ಮೊದಲ ಕೆಲಸವಾಗಿ ಬೇಡ. ಒಂದು ವರ್ಷ ಒಂದು ಆಫೀಸಿನಲ್ಲಿ ಹನ್ನೆರಡು 3ಬಿ, ಒಂದು ವರ್ಷಾಂತ್ಯ ನೋಡಿ ಆಮೇಲೆ. ಮನೆಯಲ್ಲಿ ಕೂತಾಗ ಅನುಮಾನ ಬಂದರೆ ಕೇಳಲು ಪಕ್ಕದ ಕುರ್ಚಿ ಇರುವುದಿಲ್ಲ.

ಮಾಡುವಾಗ ಮೂರು ಎಚ್ಚರ. ಮೊದಲನೆಯದು, ಪಾರ್ಟಿಯ ಜಿಎಸ್‌ಟಿ ನೋಂದಣಿಯಲ್ಲಿ ನಿಮ್ಮ ಮೊಬೈಲ್ ನಂಬರು, ಇಮೇಲ್ ಹಾಕಬೇಡಿ. ‘ಒಟಿಪಿ ನಿಮಗೇ ಬರಲಿ, ನನಗೆ ತೊಂದರೆ ಬೇಡ’ ಎನ್ನುವ ಮಾಲೀಕರು ಬೇಕಾದಷ್ಟು. ಬೇಡ. ಇಲಾಖೆಯ ನೋಟಿಸು ನಿಮ್ಮ ಫೋನಿಗೆ ಬರುತ್ತದೆ, ನೀವು ಬಿಟ್ಟ ಮೇಲೂ ಬರುತ್ತಿರುತ್ತದೆ, ಅವರು ಮಾತ್ರ ತಮಗೆ ತಿಳಿಸಲಿಲ್ಲ ಎನ್ನುತ್ತಾರೆ. ರಿಟರ್ನ್ ತಯಾರು ಮಾಡಿ ಸಾರಾಂಶವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ‘ಸರಿ’ ಎಂದು ಬರಹದಲ್ಲಿ ಒಪ್ಪಿಗೆ ಪಡೆದು, ಅವರ ಫೋನಿನ ಒಟಿಪಿಯಿಂದಲೇ ಸಲ್ಲಿಸಿ.

ಎರಡನೆಯದು, ಕೆಲಸ ಕೊಡುವ ನೆಪದಲ್ಲಿ ನಿಮ್ಮ ಪ್ಯಾನ್, ಆಧಾರ್, ಕರೆಂಟ್ ಬಿಲ್ಲು, ಮನೆ ಬಾಡಿಗೆ ಪತ್ರ ಎಲ್ಲ ಒಟ್ಟಿಗೆ ಕೇಳಿ, ಫೋನಿಗೆ ಬಂದ ಒಟಿಪಿಯನ್ನೂ ಹೇಳಿ ಎಂದರೆ ಅಲ್ಲೇ ನಿಲ್ಲಿಸಿ. ಸಂಬಳ ಕೊಡಲು ಕರೆಂಟ್ ಬಿಲ್ಲು ಯಾಕೆ ಬೇಕು? ಅದು ಬೇಕಾಗುವುದು ನಿಮ್ಮ ವಿಳಾಸದಲ್ಲಿ, ನಿಮ್ಮ ಹೆಸರಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಲು. ಆಮೇಲೆ ಅದರ ಮೇಲೆ ನಕಲಿ ಬಿಲ್ಲು ಓಡಿಸುತ್ತಾರೆ, ಕೋಟಿಗಟ್ಟಲೆ ಬಾಕಿಯ ನೋಟಿಸು ನಿಮ್ಮ ಬಾಗಿಲಿಗೆ. ಡೇಟಾ ಎಂಟ್ರಿ ಕೆಲಸಕ್ಕೆ ‘ಡೆಪಾಸಿಟ್ ಕಟ್ಟಿ’ ಎನ್ನುವವರ ಬಗ್ಗೆ ಹೇಳಬೇಕಾಗಿಲ್ಲ.

ಮೂರನೆಯದು ಗೃಹಲಕ್ಷ್ಮಿ. ನೀವಾಗಲಿ ನಿಮ್ಮ ಯಜಮಾನರಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಆ 2,000ಕ್ಕೆ ಅರ್ಹತೆ ಇಲ್ಲ. ಕೆಲಸಕ್ಕೆ ಸೇರಿದ ಮಾತ್ರಕ್ಕೆ ಹೋಗುವುದಿಲ್ಲ. ಇನ್ನೊಬ್ಬರ ರಿಟರ್ನ್ ಹಾಕಿಕೊಟ್ಟರೂ ಹೋಗುವುದಿಲ್ಲ, ಅದು ಅವರ ರಿಟರ್ನು. ಆದರೆ ‘ಬಿಲ್ಲು ಕೊಡಬೇಕಲ್ಲ’ ಎಂದು ನಿಮ್ಮದೇ ಜಿಎಸ್‌ಟಿ ನೋಂದಣಿ ಮಾಡಿಸಿದರೆ ಹೋಗುತ್ತದೆ. ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟುವ ತನಕ ನೋಂದಣಿ ಬೇಕೇ ಇಲ್ಲ. ಎರಡು ಮೂರು ಅಂಗಡಿಯ ಲೆಕ್ಕಕ್ಕೆ ಆ ಮಾತೇ ಬರುವುದಿಲ್ಲ, ತೆರಿಗೆ ಹಾಕದ ಸಾದಾ ಬಿಲ್ಲು ಕೊಡಿ ಸಾಕು.

ಕಿರ್ದಿ_ಖತಾವಣಿ:

ಮೇಲೆ ನಾನು ಬರೆದದ್ದರಲ್ಲಿ ಒಂದು ತಿದ್ದುಪಡಿ. ಟಿಡಿಎಸ್ 7ಕ್ಕೆ ಎಂದಿದ್ದೆ. ಮಾರ್ಚ್ ತಿಂಗಳದ್ದಕ್ಕೆ ಮಾತ್ರ ಏಪ್ರಿಲ್ 30ರವರೆಗೆ ಸಮಯ ಇದೆ. ಇಂಟರ್‌ವ್ಯೂನಲ್ಲಿ ಇದನ್ನು ಕೇಳುತ್ತಾರೆ.